ತೇಪೆಗೂ ಮೊದಲು ತಪಾಸಣೆ

ನೆರೆ ಬಂದ ಊರುಗಳ ಚಿತ್ರಗಳಲ್ಲಿ ರಬ್ಬರ್ ದೋಣಿ ತಪ್ಪದೆ ಕಾಣಿಸುತ್ತದೆ. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಉಕ್ಕಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಊರುಗಳು ಮುಳುಗಿದಾಗಲೂ, 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಪೂರ್ವಭಾಗದ ಬಡಾವಣೆಗಳಲ್ಲಿ ನೀರು ನಿಂತಾಗಲೂ ಜನರನ್ನು ಹೊರಗೆ ತರಲು ಇಂಥ ದೋಣಿಗಳನ್ನು ಇಳಿಸಲಾಗಿತ್ತು. ದಾಂಡೇಲಿಯ ಕಾಳಿಯಲ್ಲಿ, ಕೊಡಗಿನ ಬರಪೊಳೆಯಲ್ಲಿ ಪ್ರವಾಸಿಗರನ್ನು ಹೊತ್ತು ಓಡುವ ರಾಫ್ಟ್ ಕೂಡ ಇದೇ ಜಾತಿಯದು. ಹಿನ್ನೀರಿನಲ್ಲಿ ಮೀನು ಹಿಡಿಯಲೆಂದು ಸಣ್ಣ ಗಾಳಿದೋಣಿ ಕೊಂಡಿಟ್ಟುಕೊಂಡವರೂ ಈಗ ಇದ್ದಾರೆ. ಇವರೆಲ್ಲರಿಗೂ ಒಂದಲ್ಲ ಒಂದು ದಿನ ಎದುರಾಗುವ ತೊಂದರೆ ಒಂದೇ: ರಾತ್ರಿ ಬಿಗಿಯಾಗಿ ಗಾಳಿ ತುಂಬಿಟ್ಟ ದೋಣಿ ಬೆಳಗಾಗುವಷ್ಟರಲ್ಲಿ ಮೆತ್ತಗಾಗಿರುತ್ತದೆ. ಹರಿದದ್ದು ಕಾಣದು, ಸದ್ದು ಕೇಳದು. ಆಗ ಹೆಚ್ಚಿನವರು ಮೊದಲು ಹುಡುಕುವುದು ಅಂಟಿನ ಡಬ್ಬಿಯನ್ನು. ಅನುಮಾನ ಬಂದಲ್ಲೆಲ್ಲ ತೇಪೆ ಬೀಳುತ್ತದೆ, ಗಾಳಿ ಮಾತ್ರ ಇಳಿಯುತ್ತಲೇ ಇರುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. ನಿಧಾನ ಸೋರಿಕೆಯ ದುರಸ್ತಿಯಲ್ಲಿ ಅಂಟಿನ ಕೆಲಸ ಕೊನೆಯದು, ಒಂದರ್ಥದಲ್ಲಿ ಸುಲಭದ್ದೂ ಹೌದು. ನಿಜವಾದ ಕೆಲಸ ಇರುವುದು ಸೋರಿಕೆ ಇದೆಯೇ, ಇದ್ದರೆ ಎಲ್ಲಿ ಎಂಬುದನ್ನು ಕ್ರಮವಾಗಿ ಸಾಬೀತು ಮಾಡಿಕೊಳ್ಳುವುದರಲ್ಲಿ.

ಗಾಳಿ ತುಂಬಿದ ವಸ್ತು ಎಂದರೆ ಆಟಿಕೆ ಎಂಬ ಭಾವನೆ ನಮ್ಮಲ್ಲಿ ಇನ್ನೂ ಇದೆ. ಆದರೆ ಫ್ರಾನ್ಸಿನ ವೈದ್ಯ ಅಲೇನ್ ಬೊಂಬಾರ್ 1952ರಲ್ಲಿ ಅಟ್ಲಾಂಟಿಕ್ ಸಾಗರವನ್ನು ಒಬ್ಬನೇ ದಾಟಿದ್ದು ಸುಮಾರು ನಾಲ್ಕೂವರೆ ಮೀಟರ್ ಉದ್ದದ ಜೋಡಿಯಾಕ್ ಗಾಳಿದೋಣಿಯಲ್ಲಿ. ಅಂಥ ದೋಣಿಯ ಬಲ ಬಟ್ಟೆಯೊಂದರಲ್ಲೇ ಇಲ್ಲ, ಬಟ್ಟೆ ಮತ್ತು ಒತ್ತಡದ ಹೊಂದಾಣಿಕೆಯಲ್ಲಿದೆ. ಪಾಲಿಯೆಸ್ಟರ್ ಅಥವಾ ನೈಲಾನ್ ನೇಯ್ಗೆಯ ಎರಡೂ ಬದಿಗೆ ಪಿವಿಸಿ ಅಥವಾ ಕೃತಕ ರಬ್ಬರಿನ ಲೇಪ ಕೊಟ್ಟು, ಅದನ್ನು ಕೊಳವೆಯಾಗಿ ಜೋಡಿಸಿ, ಒಳಗೆ ಅಡ್ಡಪರದೆಗಳನ್ನಿಟ್ಟು ಎರಡು ಮೂರು ಚೇಂಬರ್‌ಗಳಾಗಿ ಭಾಗ ಮಾಡಿರುತ್ತಾರೆ. ಸಣ್ಣ ದೋಣಿಯ ಪಕ್ಕದ ಕೊಳವೆಗಳಿಗೆ ಸಾಮಾನ್ಯವಾಗಿ ಮೂರು ಪಿಎಸ್‌ಐ ಆಸುಪಾಸಿನ ಒತ್ತಡ ಸಾಕು. ಕಾರಿನ ಟೈರಿಗೆ ಮೂವತ್ತರ ಮೇಲೆ ಬೇಕು. ಈ ಮೂರು ಪಿಎಸ್‌ಐ ಎಂಬ ಸಣ್ಣ ಅಂಕಿಯೇ ಮುಂದಿನ ಲೆಕ್ಕಕ್ಕೆಲ್ಲ ಬುನಾದಿ. ಇದ್ದದ್ದೇ ಮೂರು ಎಂದಾದಾಗ ಒಂದು ಕಳೆದರೂ ಅದು ಮೂರನೇ ಒಂದು ಪಾಲು.

ಪಂಪು ಕೈಯಲ್ಲೇ ಇದೆ, ಬೆಳಗ್ಗೆ ಹತ್ತು ಸಲ ಒತ್ತಿದರೆ ಮುಗಿಯಿತು, ಇಷ್ಟೆಲ್ಲ ತಲೆನೋವು ಯಾಕೆ ಎಂದು ಕೇಳುವವರಿದ್ದಾರೆ. ದಡದ ಹತ್ತಿರ ಅರ್ಧ ಗಂಟೆ ತೇಲುವುದಷ್ಟೇ ಆದರೆ ಆ ಮಾತಿನಲ್ಲಿ ತಪ್ಪಿಲ್ಲ. ಆದರೆ ಒತ್ತಡ ಇಳಿದ ದೋಣಿ ಅಲೆಯ ಮೇಲೆ ನಡುವಿನಲ್ಲಿ ಬಾಗುತ್ತದೆ. ಬಾಗಿದಾಗ ನೆಲದ ಹಲಗೆಗಳು ಕೊಳವೆಯನ್ನು ಉಜ್ಜುತ್ತವೆ, ಮೋಟಾರು ಕೂರಿಸುವ ಹಿಂಬದಿಯ ಹಲಗೆ ಅಲುಗಾಡಿ ತನ್ನ ಬುಡದ ಜೋಡಣೆಯನ್ನೇ ಎಳೆಯುತ್ತದೆ. ಇಂದು ಸೂಜಿಮೊನೆಯಷ್ಟಿದ್ದ ಸೋರಿಕೆ ನಾಳೆ ಜೋಡಣೆ ಬಿಡುವುದಕ್ಕೆ ದಾರಿಯಾಗುತ್ತದೆ. ಹಲವು ಚೇಂಬರ್‌ಗಳಿರುವುದರಿಂದ ಒಂದು ಹೋದರೂ ದೋಣಿ ತೇಲುತ್ತದೆ ಎಂಬ ಇನ್ನೊಂದು ವಾದವೂ ಇದೆ. ಚೇಂಬರ್‌ಗಳನ್ನು ಮಾಡಿರುವುದು ಆ ಉದ್ದೇಶಕ್ಕೇ, ನಿಜ. ಆದರೆ ಅದು ಆಪತ್ತಿಗೆಂದು ಇಟ್ಟ ವ್ಯವಸ್ಥೆ. ದಿನನಿತ್ಯವೂ ಅದನ್ನೇ ನೆಚ್ಚಿಕೊಂಡರೆ ನಿಜವಾದ ಆಪತ್ತಿನ ದಿನ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ಸೋರುತ್ತಿರುವುದು ಒಳಗಿನ ಅಡ್ಡಪರದೆಯೇ ಆಗಿದ್ದರಂತೂ ಹಲವು ಚೇಂಬರ್‌ಗಳ ಭದ್ರತೆ ಹೆಸರಿಗಷ್ಟೇ.

ಹಾಗಾದರೆ ಮೊದಲ ಪ್ರಶ್ನೆ: ಒತ್ತಡ ಇಳಿದಿದೆ ಎಂದರೆ ಗಾಳಿ ಹೊರಗೆ ಹೋಗಿದೆ ಎಂದೇ ಅರ್ಥವೇ? ಇಲ್ಲ. ಒಂದೇ ಗಾತ್ರದಲ್ಲಿ ಕೂಡಿಟ್ಟ ಗಾಳಿ ತಣ್ಣಗಾದರೆ ಅದರ ಒತ್ತಡ ತಾನಾಗಿ ಇಳಿಯುತ್ತದೆ. ಇಲ್ಲಿ ಲೆಕ್ಕಕ್ಕೆ ಹಿಡಿಯಬೇಕಾದದ್ದು ಗೇಜ್ ತೋರಿಸುವ ಮೂರು ಪಿಎಸ್‌ಐಯನ್ನಲ್ಲ, ಅದಕ್ಕೆ ವಾತಾವರಣದ 14.7ನ್ನು ಕೂಡಿಸಿದಾಗ ಬರುವ 17.7ನ್ನು. ಸಂಜೆ ನಾಲ್ಕಕ್ಕೆ ಬಿಸಿಲಲ್ಲಿ ನಿಂತ ದೋಣಿಯೊಳಗಿನ ಗಾಳಿ 40 ಡಿಗ್ರಿ ಸೆಲ್ಸಿಯಸ್ ಇದ್ದು, ಬೆಳಗಿನ ಜಾವ 20ಕ್ಕೆ ಇಳಿದರೆ 17.7 ಇದ್ದದ್ದು ಸುಮಾರು 16.6 ಆಗುತ್ತದೆ. ಗೇಜ್ ಮೇಲೆ ಮೂರರ ಜಾಗದಲ್ಲಿ ಎರಡಕ್ಕೂ ಕೊಂಚ ಕಡಿಮೆ ಕಾಣುತ್ತದೆ. ಒಂದು ಹನಿ ಗಾಳಿಯೂ ಹೊರಹೋಗದೆ ಮೂರನೇ ಒಂದಕ್ಕಿಂತ ಹೆಚ್ಚು ಬಿಗಿ ಮಾಯ. ಬಿಸಿಲಲ್ಲಿದ್ದ ದೋಣಿಯನ್ನು ತಣ್ಣನೆಯ ಹೊಳೆಗಿಳಿಸಿದಾಗ ಆಗುವುದೂ ಇದೇ. ನೀರಿಗಿಳಿಸಿದ ಮೇಲೆ ಇನ್ನೊಮ್ಮೆ ಗಾಳಿ ನೋಡಿಕೊಳ್ಳಬೇಕು ಎನ್ನುವುದು ಇದಕ್ಕೇ. ಲೆಕ್ಕ ತಿರುಗಿಸಿದರೂ ಸರಿಯೇ: 20 ಡಿಗ್ರಿಯಲ್ಲಿ ಮೂರು ಪಿಎಸ್‌ಐ ತುಂಬಿದ ದೋಣಿ ದಡದ ಬಿಸಿಲಿನಲ್ಲಿ 50 ಡಿಗ್ರಿಗೆ ಕಾದರೆ ಒತ್ತಡ ಐದರ ಹತ್ತಿರಕ್ಕೆ ಏರಬಹುದು. ಜೋಡಣೆಗಳು ಬಿಡಲು ಅದೂ ಒಂದು ಕಾರಣ. ಹೊಸ ದೋಣಿಯ ವಿಷಯದಲ್ಲಿ ಇನ್ನೊಂದಿದೆ. ಮೊದಲ ಕೆಲವು ಸಲ ಗಾಳಿ ತುಂಬಿದಾಗ ಬಟ್ಟೆ ಕೊಂಚ ಹಿಗ್ಗಿ ಒಳಗಿನ ಜಾಗ ಹೆಚ್ಚುತ್ತದೆ, ಒತ್ತಡ ಇಳಿದಂತೆ ತೋರುತ್ತದೆ. ಇವನ್ನೆಲ್ಲ ಸೋರಿಕೆ ಎಂದುಕೊಂಡು ತೇಪೆ ಹಾಕಲು ಹೊರಟರೆ ಇಲ್ಲದ ತೂತನ್ನು ಮುಚ್ಚಿದಂತಾಗುತ್ತದೆ.

ಹವೆಯ ಆಟ ಯಾವುದು, ಸೋರಿಕೆ ಯಾವುದು ಎಂದು ಬೇರ್ಪಡಿಸಲು ದೋಣಿಯ ಚೇಂಬರ್‌ಗಳೇ ಒಂದಕ್ಕೊಂದು ಸಾಕ್ಷಿ ಹೇಳುತ್ತವೆ. ನೆರಳಿರುವ, ಬಿಸಿಲು ಸುಳಿಯದ ಜಾಗದಲ್ಲಿ ಎಲ್ಲ ಚೇಂಬರ್‌ಗಳಿಗೂ ಒಂದೇ ಒತ್ತಡ ತುಂಬಿ, ಮರುದಿನ ಅದೇ ಹೊತ್ತಿಗೆ, ಅಂದರೆ ಹೆಚ್ಚುಕಡಿಮೆ ಅದೇ ಉಷ್ಣತೆಯಲ್ಲಿ, ಅಳೆದು ನೋಡಬೇಕು. ನಡುನಡುವೆ ಗೇಜ್ ಹಚ್ಚಿ ನೋಡುವ ಚಪಲ ಬೇಡ. ಪ್ರತಿ ಸಲ ಹಚ್ಚಿದಾಗಲೂ ಒಂದಿಷ್ಟು ಗಾಳಿ ಹೊರಗೆ ಚಿಮ್ಮುತ್ತದೆ, ಅದೇ ಲೆಕ್ಕ ಕೆಡಿಸುತ್ತದೆ. ಎಲ್ಲ ಚೇಂಬರ್‌ಗಳೂ ಸಮನಾಗಿ ಇಳಿದಿದ್ದರೆ ಮೊದಲು ಹವೆಯ ಮೇಲೆ ಅನುಮಾನ ಪಡಬೇಕು. ಒಂದು ಮಾತ್ರ ಉಳಿದವಕ್ಕಿಂತ ಕೆಳಗಿದ್ದರೆ ಅದು ಸೋರುತ್ತಿದೆ. ಅಕ್ಕಪಕ್ಕದ ಎರಡು ಮಾತ್ರ ಒಟ್ಟಿಗೆ ಇಳಿದಿದ್ದರೆ ಅವುಗಳ ನಡುವಿನ ಅಡ್ಡಪರದೆಯ ಮೇಲೂ ಅನುಮಾನ ಪಡಬೇಕು. ಒಂದು ದಿನದ ಈ ಕಾಯುವಿಕೆಗೆ ಕಾಸು ಖರ್ಚಿಲ್ಲ. ಆದರೂ ಇದರಿಂದ ಹುಡುಕಬೇಕಾದ ಜಾಗ ಇಡೀ ದೋಣಿಯಿಂದ ಒಂದು ಚೇಂಬರ್‌ಗೆ ಇಳಿಯುತ್ತದೆ.

ಚೇಂಬರ್ ಯಾವುದೆಂದು ತಿಳಿದ ಮೇಲೆ ನೋಡಬೇಕಾದ ಮೊದಲ ಜಾಗ ಬಟ್ಟೆಯಲ್ಲ, ವಾಲ್ವ್. ದೋಣಿಯಲ್ಲಿ ದಿನವೂ ತೆರೆದು ಮುಚ್ಚುವ ಭಾಗ ಅದೊಂದೇ. ದಡದ ಮರಳು ಮೊದಲು ಸೇರುವುದೂ ಅಲ್ಲಿಗೇ. ಈಗಿನ ಬಹುತೇಕ ವಾಲ್ವ್‌ಗಳಲ್ಲಿ ಸ್ಪ್ರಿಂಗ್ ಹಿಡಿದ ಒಂದು ಪುಟ್ಟ ಬಿಲ್ಲೆ ರಬ್ಬರ್ ಅಂಚಿನ ಮೇಲೆ ಒತ್ತಿ ಕೂತಿರುತ್ತದೆ. ಒಂದು ಮರಳು ಕಾಳು ಸಿಕ್ಕಿಕೊಂಡರೂ ಬಿಲ್ಲೆ ಪೂರ್ತಿ ಕೂರುವುದಿಲ್ಲ. ಪರೀಕ್ಷಿಸುವಾಗ ಮುಚ್ಚಳ ತೆಗೆದಿರಬೇಕು. ಮುಚ್ಚಳದಲ್ಲೂ ಒಂದು ರಬ್ಬರ್ ಬಳೆ ಇರುವುದರಿಂದ ಅದು ಒಳಗಿನ ದೋಷವನ್ನು ಮರೆಮಾಚಿಬಿಡಬಹುದು. ವಾಲ್ವ್ ಬಾಯಿಗೆ ಸೋಪಿನ ನೀರು ತುಂಬಿ ನೋಡಿದಾಗ ನಡುವಿನಿಂದ ಗುಳ್ಳೆ ಬಂದರೆ ಬಿಲ್ಲೆಯ ದೋಷ. ಎರಡು ಮೂರು ಸಲ ಬಿಲ್ಲೆಯನ್ನು ಒತ್ತಿ ಬಿಟ್ಟು, ನುಗ್ಗುವ ಗಾಳಿಗೇ ಕಸ ಹಾರಿಹೋಗುವಂತೆ ಮಾಡಿದರೆ ಎಷ್ಟೋ ಸಲ ಅಷ್ಟರಲ್ಲೇ ಸರಿಹೋಗುತ್ತದೆ. ಗುಳ್ಳೆ ಬರುತ್ತಿರುವುದು ವಾಲ್ವಿನ ಹೊರ ಅಂಚಿನಿಂದಾದರೆ ಅದು ಬಟ್ಟೆಯನ್ನು ಹಿಡಿದಿರುವ ಎರಡು ಭಾಗಗಳ ನಡುವಿನ ಸಡಿಲ. ಆ ಮಾದರಿಗೆಂದೇ ಇರುವ ವಾಲ್ವ್ ಕೀಲಿಯಿಂದ ಕಾಲು ಸುತ್ತು ಬಿಗಿದರೆ ಸಾಕಾಗಬಹುದು. ಇಕ್ಕಳ ಹಾಕಿ ತಿರುಗಿಸಿದರೆ ಪ್ಲಾಸ್ಟಿಕ್ ಹಲ್ಲುಗಳು ಮುರಿದು ಸಣ್ಣ ತೊಂದರೆ ದೊಡ್ಡದಾಗುತ್ತದೆ. ನೆಲದ ಗಾಳಿಹಾಸಿಗೆ ಹೆಚ್ಚುವರಿ ಒತ್ತಡ ಬಿಡುವ ವಾಲ್ವ್ ಇರುವ ದೋಣಿಗಳಲ್ಲಿ ಅದನ್ನೂ ಇದೇ ರೀತಿ ನೋಡಬೇಕು. ಅದು ಗಾಳಿ ಬಿಡುವುದು ಅದರ ಕೆಲಸವೇ ಹೊರತು ದೋಷವಲ್ಲ, ಒತ್ತಡ ಇಳಿದ ಮೇಲೂ ಬಿಡುತ್ತಲೇ ಇದ್ದರೆ ಮಾತ್ರ ದೋಷ.

ವಾಲ್ವ್ ನಿರ್ದೋಷಿ ಎಂದಾದರೆ ಆಗ ಸೋಪಿನ ನೀರು ಇಡೀ ಚೇಂಬರ್‌ಗೆ. ಪಾತ್ರೆ ತೊಳೆಯುವ ದ್ರವವನ್ನು ನೀರಿಗೆ ಬೆರೆಸಿ, ಬಣ್ಣ ಹಚ್ಚುವ ಬ್ರಷ್‌ನಿಂದಲೋ ಸ್ಪ್ರೇ ಬಾಟಲಿಯಿಂದಲೋ ಚೆನ್ನಾಗಿ ಗಾಳಿ ತುಂಬಿದ ಕೊಳವೆಗೆ ಬಳಿಯಬೇಕು. ಬಳಿಯುವಾಗಲೇ ನೊರೆ ಎದ್ದರೆ ಏನೂ ತಿಳಿಯುವುದಿಲ್ಲ, ಮೆಲ್ಲಗೆ ಬಳಿದು ಕೆಲವು ನಿಮಿಷ ಕಾಯಬೇಕು. ದೊಡ್ಡ ಸೋರಿಕೆ ದೊಡ್ಡ ಗುಳ್ಳೆಯನ್ನು ಊದುತ್ತದೆ. ನಿಧಾನ ಸೋರಿಕೆ ಹಾಗಲ್ಲ, ಅದು ಸಾಸಿವೆಗಿಂತ ಸಣ್ಣ ಗುಳ್ಳೆಗಳ ಬಿಳಿ ನೊರೆಯಾಗಿ ನಿಧಾನಕ್ಕೆ ಬೆಳೆಯುತ್ತದೆ. ಆತುರದವರ ಕಣ್ಣು ತಪ್ಪುವುದು ಇದೇ. ಎಲ್ಲೆಂದರಲ್ಲಿ ಬಳಿಯುವ ಬದಲು ದೋಷದ ಸಾಧ್ಯತೆ ಹೆಚ್ಚಿರುವಲ್ಲಿಂದ ಆರಂಭಿಸುವುದು ಒಳ್ಳೆಯದು: ಕೊಳವೆಯ ಜೋಡಣೆಗಳು, ಹಿಂಬದಿಯ ಹಲಗೆ ಕೊಳವೆಗೆ ಸೇರುವ ಮೂಲೆಗಳು, ಹಿಡಿ ಮತ್ತು ಹಗ್ಗದ ಬಳೆಗಳ ಬುಡ, ಹಳೆಯ ತೇಪೆಗಳ ಅಂಚು, ಕೊನೆಗೆ ತಳಭಾಗ. ಸಿಕ್ಕ ಜಾಗವನ್ನು ಕೂಡಲೇ ಸೀಮೆಸುಣ್ಣದಿಂದಲೋ ಪೆನ್ಸಿಲಿನಿಂದಲೋ ಗುರುತು ಮಾಡಬೇಕು, ಒಣಗಿದ ಮೇಲೆ ಅದು ಮತ್ತೆ ಕಣ್ಣಿಗೆ ಬೀಳುವುದಿಲ್ಲ. ಒಂದು ಸಿಕ್ಕಿತೆಂದು ನಿಲ್ಲಿಸದೆ ಇಡೀ ಚೇಂಬರ್ ಮುಗಿಸಬೇಕು.

ಇಷ್ಟು ಸಣ್ಣ ಸೋರಿಕೆಯನ್ನು ಸೋಪಿನ ನೀರು ಹಿಡಿಯಬಲ್ಲದೇ ಎಂಬ ಸಂಶಯ ಸಹಜ. ಲೆಕ್ಕ ಹಾಕಿ ನೋಡೋಣ. ಮೂರು ಮೀಟರಿನ ದೋಣಿಯ ಒಂದು ಚೇಂಬರ್ ಸುಮಾರು 250 ಲೀಟರ್ ಹಿಡಿಯುತ್ತದೆ ಎಂದುಕೊಳ್ಳಿ. ಅದರ ಒತ್ತಡ ಹತ್ತು ಗಂಟೆಯ ರಾತ್ರಿಯಲ್ಲಿ ಒಂದು ಪಿಎಸ್‌ಐ ಇಳಿಯಬೇಕಾದರೆ ಸುಮಾರು 17 ಲೀಟರ್ ಗಾಳಿ ಹೊರಗೆ ಹೋಗಬೇಕು. ಅಂದರೆ ನಿಮಿಷಕ್ಕೆ ಸರಿಸುಮಾರು 28 ಮಿಲಿಲೀಟರ್, ಐದಾರು ಚಹಾ ಚಮಚದಷ್ಟು. ಅಷ್ಟು ಗಾಳಿ ಒಂದೇ ಕಡೆಯಿಂದ ಹೊರಬಂದರೆ ಸೋಪಿನ ಪದರದಲ್ಲಿ ಅಡಗಿಕೊಳ್ಳಲು ಸಾಧ್ಯವೇ ಇಲ್ಲ. ಈ ಲೆಕ್ಕದಿಂದ ಒಂದು ತರ್ಕವೂ ಹೊರಡುತ್ತದೆ. ರಾತ್ರಿ ಕಳೆಯುವುದರಲ್ಲಿ ಮೆತ್ತಗಾಗುವ ಚೇಂಬರ್‌ನ ಮೈಮೇಲೆ ಎಲ್ಲೂ ನೊರೆ ಕಾಣದಿದ್ದರೆ, ನಾವು ಅಲ್ಲಿಯವರೆಗೆ ನೋಡದ ಜಾಗದಿಂದ ಗಾಳಿ ಹೋಗುತ್ತಿದೆ ಎಂದೇ ಅರ್ಥ. ಅಂಥ ಜಾಗ ಮುಖ್ಯವಾಗಿ ಒಂದಿದೆ: ಒಳಗಿನ ಅಡ್ಡಪರದೆ. ಅದನ್ನು ಸಾಬೀತು ಮಾಡುವುದು ಕಷ್ಟವಲ್ಲ. ಅನುಮಾನದ ಚೇಂಬರ್‌ಗೆ ಮಾತ್ರ ಗಾಳಿ ತುಂಬಿ, ಪಕ್ಕದ್ದನ್ನು ಖಾಲಿ ಮಾಡಿ ವಾಲ್ವ್ ಮುಚ್ಚಿಡಬೇಕು. ಪಕ್ಕದ ಚೇಂಬರ್ ಯಾರೂ ಊದದೆ ಉಬ್ಬತೊಡಗಿದರೆ ಪರದೆ ಸೋರುತ್ತಿದೆ. ಹೀಗೆ ಮಾಡುವಾಗ ಪೂರ್ತಿ ಒತ್ತಡ ತುಂಬಬಾರದು, ಒಂದೇ ಕಡೆಯ ಒತ್ತಡಕ್ಕೆ ಪರದೆ ಇನ್ನಷ್ಟು ಹಿಸಿದೀತು.

ನೊರೆ ಕಂಡ ಜಾಗವೇ ತೂತಿನ ಜಾಗ ಎಂದು ನಂಬುವಲ್ಲಿಯೂ ಎಚ್ಚರ ಬೇಕು. ಲೇಪದ ಒಳಗಿರುವುದು ನೇಯ್ದ ಬಟ್ಟೆ. ಜೋಡಣೆಯ ಒಳಬದಿಯಲ್ಲಿ ಎಲ್ಲೋ ಒಂದು ಕಡೆ ಬಟ್ಟೆಯ ಕತ್ತರಿಸಿದ ಅಂಚು ತೆರೆದುಕೊಂಡರೆ ಗಾಳಿ ಆ ದಾರಗಳ ಉದ್ದಕ್ಕೂ ನುಸುಳಿ, ಬಹಳ ದೂರದಲ್ಲಿ ಯಾವುದೋ ಹಿಡಿಯ ಬುಡದಲ್ಲೋ ಪಟ್ಟಿಯ ತುದಿಯಲ್ಲೋ ಹೊರಬರಬಹುದು. ಅಲ್ಲಿ ತೇಪೆ ಹಾಕಿದರೆ ಗಾಳಿ ಇನ್ನೊಂದು ಗೇಣು ಆಚೆ ದಾರಿ ಹುಡುಕಿಕೊಳ್ಳುತ್ತದೆ. ಆದ್ದರಿಂದ ಬಯಲು ಬಟ್ಟೆಯ ನಡುವೆ ಒಂದೇ ಬಿಂದುವಿನಿಂದ ಬರುವ ಗುಳ್ಳೆ ನಂಬಿಕೆಗೆ ಅರ್ಹ. ಜೋಡಣೆಯ ಅಂಚಿನುದ್ದಕ್ಕೂ ಚದುರಿ ಬರುವ ನೊರೆಯನ್ನು ಹಾಗೆ ನಂಬಲಾಗದು. ಮೊದಲನೆಯದು ಮನೆಯಲ್ಲೇ ಮುಗಿಯುವ ಕೆಲಸ. ಎರಡನೆಯದರಲ್ಲಿ ಜೋಡಣೆಯನ್ನೇ ಬಿಡಿಸಿ ಮತ್ತೆ ಅಂಟಿಸಬೇಕಾಗಬಹುದು. ಹಿಂಬದಿಯ ಹಲಗೆಯ ಬುಡ, ಒಳಪರದೆ, ಉದ್ದದ ಜೋಡಣೆ ಇವು ಮೂರನ್ನೂ ಅನುಭವಿ ದುರಸ್ತಿಗಾರರಿಗೆ ಒಪ್ಪಿಸುವುದೇ ಕ್ಷೇಮ.

ಈಗ ಅಂಟಿನ ಮಾತು. ಬೀದಿ ಬದಿಯ ಪಂಕ್ಚರ್ ಅಂಗಡಿಯಲ್ಲಿ ಹತ್ತು ನಿಮಿಷದಲ್ಲಿ ಆಗುವ ಕೆಲಸಕ್ಕೆ ಇಷ್ಟು ಸಂಭ್ರಮವೇಕೆ ಎಂಬ ಪ್ರಶ್ನೆ ನಮ್ಮಲ್ಲಿ ಬಂದೇ ಬರುತ್ತದೆ. ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ನೋಡುವ ಅಂಗಡಿಯವರ ಪದ್ಧತಿ ನೂರಕ್ಕೆ ನೂರು ಸರಿ, ಮೇಲೆ ಹೇಳಿದ್ದೆಲ್ಲ ಅದರ ವಿಸ್ತಾರವೇ. ಆದರೆ ಅವರ ಸೊಲ್ಯೂಷನ್ ತಯಾರಾಗಿರುವುದು ಟೈರಿನ ಟ್ಯೂಬಿನ ರಬ್ಬರಿಗೆ. ದೋಣಿ ಪಿವಿಸಿಯದ್ದಾದರೆ ಅದು ರಬ್ಬರೇ ಅಲ್ಲ, ಮೆದುವಾಗಿರಲೆಂದು ಎಣ್ಣೆಯಂಥ ರಾಸಾಯನಿಕ ಬೆರೆಸಿದ ಪ್ಲಾಸ್ಟಿಕ್. ಆ ರಾಸಾಯನಿಕ ಕ್ರಮೇಣ ಮೇಲಕ್ಕೆ ಒಸರಿ ಸಾಮಾನ್ಯ ರಬ್ಬರ್ ಅಂಟನ್ನು ಮೆತ್ತಗೆ ಮಾಡಿ ತೇಪೆಯನ್ನು ಎಬ್ಬಿಸುತ್ತದೆ. ಪಿವಿಸಿಗೆ ಹಾರ್ಡನರ್ ಬೆರೆಸಿ ಬಳಸುವ ಪಾಲಿಯುರಿಥೇನ್ ಅಂಟು ಬೇಕು. ಹೈಪಲಾನ್ ಎಂದು ಕರೆಯುವ ಕೃತಕ ರಬ್ಬರಿನ ದೋಣಿಗೆ ಹಾರ್ಡನರ್ ಬೆರೆಸುವ ನಿಯೋಪ್ರಿನ್ ಜಾತಿಯ ಅಂಟು ಬೇಕು. ಹೈಪಲಾನ್ ಡ್ಯೂಪಾಂಟ್ ಕಂಪನಿ ಇಟ್ಟ ಹೆಸರು. ಆ ಕಂಪನಿ 2010ರಲ್ಲಿ ತಯಾರಿಕೆ ನಿಲ್ಲಿಸಿದರೂ ಬೇರೆಯವರು ತಯಾರಿಸುವ ಅದೇ ವಸ್ತುವನ್ನು ಜನ ಇಂದಿಗೂ ಆ ಹೆಸರಿನಿಂದಲೇ ಕರೆಯುತ್ತಾರೆ. ನಿಮ್ಮ ದೋಣಿ ಯಾವುದು ಎಂಬುದನ್ನು ತಯಾರಕರ ಫಲಕ ಅಥವಾ ಕೈಪಿಡಿ ನೋಡಿ ಖಚಿತ ಮಾಡಿಕೊಳ್ಳಬೇಕು. ನಯವಾದ, ಹೊಳಪಿನ, ಪ್ಲಾಸ್ಟಿಕ್ಕಿನ ಸ್ಪರ್ಶವಿದ್ದರೆ ಬಹುಮಟ್ಟಿಗೆ ಪಿವಿಸಿ, ಮಂಕಾದ ರಬ್ಬರಿನ ಸ್ಪರ್ಶವಿದ್ದರೆ ಹೈಪಲಾನ್. ಫೆವಿಕ್ವಿಕ್‌ನಂಥ ಕ್ಷಣದಲ್ಲಿ ಹಿಡಿಯುವ ಅಂಟು ಎರಡಕ್ಕೂ ಸಲ್ಲದು. ಅದು ಒಣಗಿ ಗಾಜಿನಂತೆ ಗಡುಸಾಗುತ್ತದೆ, ಮಡಚಿ ಬಿಚ್ಚುವ ಬಟ್ಟೆಯ ಮೇಲೆ ಬಿರುಕು ಬಿಡುತ್ತದೆ.

ತೇಪೆ ತೂತಿನ ಸುತ್ತ ಎಲ್ಲ ಕಡೆ ಎರಡು ಇಂಚು ಚಾಚಿಕೊಳ್ಳುವಷ್ಟು ಇರಬೇಕು, ಅದೂ ದುಂಡಗೆ. ಚೌಕ ತೇಪೆ ಮೊದಲು ಏಳುವುದು ಮೂಲೆಯಿಂದ. ಗಾಳಿ ತೆಗೆದು ಬಟ್ಟೆಯನ್ನು ಸಮತಟ್ಟಾಗಿ ಹರಡಿ, ಸೋಪಿನ ಪಸೆಯೂ ಉಳಿಯದಂತೆ ತೊಳೆದು ಒಣಗಿಸಬೇಕು. ಹೈಪಲಾನನ್ನು ಉಜ್ಜುಕಾಗದದಿಂದ ಹೊಳಪು ಹೋಗುವವರೆಗೆ ಉಜ್ಜಬೇಕು, ನೇಯ್ಗೆ ಕಾಣುವಷ್ಟಲ್ಲ. ಪಿವಿಸಿಯನ್ನು ಸಾಮಾನ್ಯವಾಗಿ ಸೂಚಿತ ದ್ರಾವಕದಿಂದ ಒರೆಸಿದರೆ ಸಾಕು. ತೇಪೆಗೂ ದೋಣಿಗೂ ತೆಳುವಾಗಿ ಎರಡು ಮೂರು ಸಲ ಅಂಟು ಬಳಿದು, ಪ್ರತಿ ಸಲವೂ ಬೆರಳ ಗೆಣ್ಣಿಗೆ ಜಿಗುಟು ತಾಗಿಯೂ ಅಂಟಿಕೊಳ್ಳದ ಹದಕ್ಕೆ ಬರುವವರೆಗೆ ಕಾದು, ಕೊನೆಗೆ ನಡುವಿನಿಂದ ಅಂಚಿನತ್ತ ಒತ್ತುತ್ತ ಕೂರಿಸಬೇಕು. ದಪ್ಪಗೆ ಬಳಿದರೆ ಗಟ್ಟಿ ಎಂಬುದು ತಪ್ಪು ತಿಳಿವಳಿಕೆ, ಒಳಗೆ ಸಿಕ್ಕಿಬಿದ್ದ ದ್ರಾವಕ ಆರದೆ ತೇಪೆಯನ್ನು ಸಡಿಲವಾಗಿಯೇ ಇಡುತ್ತದೆ. ಕೆಲಸ ಗಾಳಿಯಾಡುವ ಜಾಗದಲ್ಲಿ, ಬೆಂಕಿ, ಬೀಡಿಗಳಿಂದ ದೂರ ನಡೆಯಬೇಕು, ಈ ದ್ರಾವಕಗಳು ಬೇಗ ಹೊತ್ತಿಕೊಳ್ಳುವಂಥವು. ಒಂದು ದಿನ ಗಾಳಿ ತುಂಬದೆ ಬಿಟ್ಟು, ಅಂಟಿನ ಡಬ್ಬಿಯ ಮೇಲೆ ಬರೆದಿರುವ ಪೂರ್ಣ ಅವಧಿ ಮುಗಿದ ಮೇಲೆಯೇ ನೀರಿಗಿಳಿಸಬೇಕು.

ನಮ್ಮ ಕರಾವಳಿ, ಮಲೆನಾಡಿನವರು ಇಲ್ಲಿ ಒಂದು ಮಾತನ್ನು ವಿಶೇಷವಾಗಿ ನೆನಪಿಡಬೇಕು. ಬಳಿದ ಅಂಟಿನಿಂದ ದ್ರಾವಕ ಆರುವಾಗ ಅದು ಮೇಲ್ಮೈಯ ಬಿಸಿಯನ್ನು ಹೀರಿಕೊಂಡು ತಣ್ಣಗೆ ಮಾಡುತ್ತದೆ. ಗಾಳಿಯಲ್ಲಿ ತೇವ ತುಂಬಿದ್ದರೆ ಆ ತಣ್ಣನೆಯ ಪದರದ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾಗಿ ಇಬ್ಬನಿ ಕೂರುತ್ತದೆ. ಅದರ ಮೇಲೆ ಒತ್ತಿದ ತೇಪೆ ಹಿಡಿದಿರುವುದು ದೋಣಿಯನ್ನಲ್ಲ, ನೀರನ್ನು. ಅಂಟಿನ ತಯಾರಕರು ಹೆಚ್ಚಾಗಿ ತೇವಾಂಶ ಶೇಕಡಾ 60ರ ಒಳಗಿರಲಿ ಎನ್ನುತ್ತಾರೆ. ಜುಲೈ ತಿಂಗಳ ಮಂಗಳೂರಿನಲ್ಲೋ ಆಗುಂಬೆಯಲ್ಲೋ ಹೊರಗೆ ಕೂತು ಮಾಡಿದ ತೇಪೆ ನಿಲ್ಲದಿದ್ದರೆ ಅಂಟನ್ನು ಬೈದು ಫಲವಿಲ್ಲ. ನೆರೆಯ ಕೆಲಸಕ್ಕೆ ಬೇಕಾಗುವ ದೋಣಿಗಳ ತಪಾಸಣೆ, ದುರಸ್ತಿ ಬೇಸಿಗೆಯಲ್ಲೇ ಮುಗಿದಿರಬೇಕು ಎನ್ನಲು ಇದೂ ಒಂದು ಕಾರಣ. ಮಳೆ ಹಿಡಿದ ಮೇಲೆ ಸೋರಿಕೆ ಕಂಡರೆ ಎಸಿ ಇರುವ ಒಣ ಕೋಣೆಯಲ್ಲಿ ಕೆಲಸ ಮಾಡಬೇಕು. ಅದಿಲ್ಲದಿದ್ದರೆ ಅಂಟಿಸುವ ಪಾರದರ್ಶಕ ದುರಸ್ತಿ ಟೇಪನ್ನು ತಾತ್ಕಾಲಿಕ ಎಂದು ತಿಳಿದೇ ಬಳಸಬೇಕು.

ತೂತು ಹುಡುಕುವ ಗೋಜೇ ಬೇಡ, ವಾಲ್ವ್ ಮೂಲಕ ಒಳಗೆ ದ್ರವ ಸುರಿದು ದೋಣಿಯನ್ನು ಹೊರಳಿಸಿದರೆ ಎಲ್ಲವೂ ಮುಚ್ಚಿಹೋಗುತ್ತದೆ ಎಂದು ಮಾರುವ ಸೀಲಂಟ್‌ಗಳೂ ಇವೆ. ಅವು ಮೋಸ ಎನ್ನಲಾಗದು. ಹಳೆಯ ದೋಣಿಯ ಲೇಪ ಸವೆದು ಮೈಯೆಲ್ಲ ಸೂಜಿಮೊನೆಯ ರಂಧ್ರಗಳಾಗಿ, ಒಂದೊಂದಕ್ಕೂ ತೇಪೆ ಹಾಕುವುದು ಅಸಾಧ್ಯವಾದಾಗ ಅವು ಒಂದೆರಡು ಹಂಗಾಮು ದೋಣಿಯ ಆಯುಷ್ಯ ಹೆಚ್ಚಿಸಬಲ್ಲವು. ಆದರೆ ಬಿಟ್ಟ ಜೋಡಣೆಯನ್ನು ಅವು ಕೂಡಿಸಲಾರವು, ವಾಲ್ವ್‌ಗೆ ಮೆತ್ತಿಕೊಂಡರೆ ಇದ್ದ ವಾಲ್ವನ್ನೂ ಕೆಡಿಸಬಹುದು. ಹಾಗಾಗಿ ಸೀಲಂಟ್ ಬೇಕೋ ಬೇಡವೋ ಎಂಬುದಕ್ಕೂ ಉತ್ತರ ಹೇಳುವುದು ಅದೇ ತಪಾಸಣೆ. ಮೈಯೆಲ್ಲ ಹರಡಿದ ನೊರೆ ಬಂದರೆ ಬಟ್ಟೆಯ ಕಾಲ ಮುಗಿಯುತ್ತ ಬಂದಿದೆ, ಆ ದೋಣಿಯನ್ನು ಜನರ ಪ್ರಾಣ ಉಳಿಸುವ ಕೆಲಸದಿಂದ ನಿವೃತ್ತಿಗೊಳಿಸುವುದೇ ಸರಿ.

ಸೋರಿಕೆ ಬರದಂತೆ ನೋಡಿಕೊಳ್ಳುವುದು ಇವೆಲ್ಲಕ್ಕಿಂತ ಅಗ್ಗ. ಬಳಸಿದ ಮೇಲೆ ಮರಳು ತೊಳೆದು ನೆರಳಲ್ಲಿ ಒಣಗಿಸಬೇಕು. ಬಿಸಿಲಲ್ಲಿ ದಡಕ್ಕೆಳೆದರೆ ಕೊಂಚ ಗಾಳಿ ಬಿಡಬೇಕು. ಗೋದಾಮಿನಲ್ಲಿ ಇಲಿ ಹೆಗ್ಗಣಗಳಿಗೆ ಸಿಗದಂತೆ ಇಡಬೇಕು. ತೇಪೆ ಹಾಕಿದ ಮೇಲೂ ಮೊದಲಿನ ಪರೀಕ್ಷೆಯನ್ನೇ ಮತ್ತೊಮ್ಮೆ ಮಾಡಬೇಕು: ನೆರಳು, ಸಮ ಒತ್ತಡ, ಒಂದು ದಿನ, ಅದೇ ಹೊತ್ತು. ಎಲ್ಲ ಚೇಂಬರ್‌ಗಳೂ ಸಮನಾಗಿ ನಿಂತರೆ ಮಾತ್ರ ದುರಸ್ತಿ ಮುಗಿಯಿತು ಎನ್ನಬಹುದು. ಗಾಳಿದೋಣಿ ಇಟ್ಟುಕೊಂಡ ಪ್ರತಿ ರಾಫ್ಟಿಂಗ್ ಶಿಬಿರ, ಪ್ರತಿ ಅಗ್ನಿಶಾಮಕ ಠಾಣೆ, ಪ್ರತಿ ಹವ್ಯಾಸಿ ಮೇ ತಿಂಗಳಲ್ಲಿ ಈ ಒಂದು ದಿನವನ್ನು ತೆಗೆದಿಡಲಿ. ಅದಕ್ಕೆ ಬೇಕಾದದ್ದು ಒಂದು ಗೇಜ್, ಒಂದು ಬಕೆಟ್ ಸೋಪಿನ ನೀರು, ಒಂದು ತುಂಡು ಸೀಮೆಸುಣ್ಣ ಮತ್ತು ಕಾಯುವ ತಾಳ್ಮೆ.